ಬೀದಿಗೆ ಬಂದ ಲೋಹ

ನಮ್ಮ ದೊಡ್ಡ ದೇವಾಲಯಗಳಲ್ಲಿ ಒಬ್ಬನೇ ದೇವರಿಗೆ ಎರಡು ಮೂರ್ತಿಗಳಿರುವುದು ಎಲ್ಲರಿಗೂ ತಿಳಿದ ಸಂಗತಿ. ಗರ್ಭಗುಡಿಯಲ್ಲಿ ನೆಲೆನಿಂತದ್ದು ಮೂಲಮೂರ್ತಿ. ಅದು ಸಾಮಾನ್ಯವಾಗಿ ಶಿಲೆಯದು. ಒಮ್ಮೆ ಪ್ರತಿಷ್ಠೆಯಾದ ಮೇಲೆ ಕದಲುವಂತಿಲ್ಲ. ಅದನ್ನು ಕಾಣಬೇಕಾದರೆ ನಾವೇ ಹೊಸ್ತಿಲಿನ ತನಕ ನಡೆದುಹೋಗಬೇಕು. ಹಿಂದಿನ ಕಾಲದಲ್ಲಿ ಆ ಹೊಸ್ತಿಲಿನವರೆಗೆ ಹೋಗುವ ಹಕ್ಕೂ ಎಲ್ಲರಿಗೆ ಇರಲಿಲ್ಲ. ಇನ್ನೊಂದು ಉತ್ಸವಮೂರ್ತಿ. ಅದು ಲೋಹದ್ದು. ಪಲ್ಲಕ್ಕಿಯಲ್ಲೋ ತೇರಿನಲ್ಲೋ ಕುಳಿತು ಅದು ಬೀದಿಗೆ ಬರುತ್ತದೆ. ಮನೆಮನೆಯ ಮುಂದೆ ನಿಂತು ಹಣ್ಣು ಕಾಯಿ ಸ್ವೀಕರಿಸುತ್ತದೆ. ನಡೆಯಲಾರದ ಮುದುಕರಿಗೂ, ಒಳಗೆ ಹೋಗಲಾರದವರಿಗೂ ಕಾಣಿಸಿಕೊಳ್ಳುತ್ತದೆ. ಮಂಡ್ಯ ಜಿಲ್ಲೆಯ ಜನ ಇದಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಮೇಲುಕೋಟೆಯ ವೈರಮುಡಿಯ ರಾತ್ರಿ ಬೆಟ್ಟದ ಬೀದಿಗಳಲ್ಲಿ ಸಾವಿರಾರು ಮಂದಿ ಕಾದು ನಿಲ್ಲುವುದು ಆ ಲೋಹದ ಚೆಲುವನಾರಾಯಣನಿಗಾಗಿ. ಕಲ್ಲು ಸ್ಥಾವರವಾದರೆ ಲೋಹವು ಜಂಗಮ ಎಂದು ಬೇಕಾದರೆ ಹೇಳಬಹುದು.

ಈ ಮಾತನ್ನು ಮೊದಲಿಗೇ ಏಕೆ ಎತ್ತಿದೆನೆಂದರೆ, ನಾನು ಇಂದು ಹೇಳಹೊರಟಿರುವುದು ಸಾರ್ವಜನಿಕ ಸ್ಥಳಗಳಲ್ಲಿ ನಿಲ್ಲುವ ಲೋಹಶಿಲ್ಪಗಳ ವಿಷಯ. ಅದರಲ್ಲಿಯೂ ಅಂಥ ಶಿಲ್ಪಗಳಿಗಾಗಿಯೇ ಒಂದು ಶತಮಾನದ ಬಾಳನ್ನು ಸವೆಸಿದ ರಾಮ್ ಸುತಾರ್ ಎಂಬ ಶಿಲ್ಪಿಯ ವಿಷಯ. ಅವರು ಕನ್ನಡಿಗರಲ್ಲ. ಆದರೆ ಬೆಂಗಳೂರಿನ ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿ ಎತ್ತರಕ್ಕೆ ನಿಂತಿರುವ ಕೆಂಪೇಗೌಡರ ಕಂಚಿನ ಪ್ರತಿಮೆ ಅವರ ಕೈಯಿಂದ ರೂಪು ಪಡೆದದ್ದು. ಹಾಗಾಗಿ ಅವರ ಕಲೆಯ ಮೌಲ್ಯವನ್ನು ತೂಗಿನೋಡುವ ಹಕ್ಕೂ ಹೊಣೆಯೂ ನಮಗಿವೆ. ಆದರೆ ತೂಗುವುದಕ್ಕೆ ತಕ್ಕಡಿ ಬೇಕು. ನನ್ನ ತಕ್ಕಡಿ ನಾಗಮಂಗಲದ್ದು.

ನಾಗಮಂಗಲ ತಾಲ್ಲೂಕಿನಲ್ಲಿ ದೇವಲಾಪುರ ಒಂದು ಹೋಬಳಿಯ ಕೇಂದ್ರ. ಆ ಹೋಬಳಿಯ ಒಂದು ಸಣ್ಣ ಊರು ನನ್ನದು. ನಾನು ಚಿಕ್ಕವನಾಗಿದ್ದಾಗ ನಮ್ಮೂರ ದೇವರ ಉತ್ಸವಮೂರ್ತಿ ಭಿನ್ನವಾಯಿತು. ಬಲಗೈಯ ಮಣಿಕಟ್ಟಿನಲ್ಲಿ ಬಿರುಕು ಬಿಟ್ಟಿತು. ಭಿನ್ನವಾದ ಮೂರ್ತಿಯನ್ನು ಮೆರವಣಿಗೆ ಮಾಡುವಂತಿಲ್ಲ. ಊರಿನ ಹಿರಿಯರು ಕೂಡಿ ಹೊಸ ಮೂರ್ತಿಯನ್ನು ಎರಕ ಹೊಯ್ಯಿಸಲು ನಿಶ್ಚಯಿಸಿದರು. ಇದಕ್ಕಾಗಿ ಎಲ್ಲಿಗೆ ಹೋಗಬೇಕೆಂಬ ಚರ್ಚೆಯೇ ಏಳಲಿಲ್ಲ. ಹೊಯ್ಸಳರ ಕಾಲದ ಸೌಮ್ಯಕೇಶವನ ಊರಾದ ನಾಗಮಂಗಲ ಬಹುಕಾಲದಿಂದ ಲೋಹಶಿಲ್ಪಿಗಳ ಊರೆಂದು ಹೆಸರಾದದ್ದು. ವಿಗ್ರಹ, ಪ್ರಭಾವಳಿ, ಗಂಟೆ, ದೀಪ, ಕಳಶ, ಕವಚ, ಏನು ಬೇಕಾದರೂ ಸುತ್ತಿನ ಜನ ಹೋಗುತ್ತಿದ್ದುದು ಅಲ್ಲಿಗೇ.

ಎರಕದ ದಿನ ಊರಿನಿಂದ ಎರಡು ಗಾಡಿ ಹೊರಟವು. ನಾನೂ ತಾಯಿಯ ಸೆರಗು ಹಿಡಿದು ಹೋದೆ. ಶಿಲ್ಪಿಯ ಮನೆಯ ಹಿಂದಿನ ಚಪ್ಪರದಲ್ಲಿ ಕುಲುಮೆ ಉರಿಯುತ್ತಿತ್ತು. ಅಚ್ಚು ಆಗಲೇ ನೆಲದಲ್ಲಿ ಹೂತಿತ್ತು. ಅದರ ಬಾಯಿ ಮಾತ್ರ ಮೇಲೆ ಕಾಣುತ್ತಿತ್ತು. ಮೂಸೆಯಲ್ಲಿ ಲೋಹ ಕರಗುತ್ತಿದ್ದಂತೆ ಊರಿನವರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಕೈಲಾದದ್ದನ್ನು ಅದರೊಳಗೆ ಹಾಕಿದರು. ಒಬ್ಬರು ಬೆಳ್ಳಿಯ ಉಡಿದಾರದ ತುಂಡು ಹಾಕಿದರು, ಇನ್ನೊಬ್ಬರು ತಾಮ್ರದ ಕಾಸು ಹಾಕಿದರು. ನಮ್ಮ ತಾಯಿ ತನ್ನ ತಾಯಿಯಿಂದ ಬಂದಿದ್ದ ಒಂದು ಹಳೆಯ ಮೂಗುಬೊಟ್ಟನ್ನು ಹಾಕಿದಳು. ಒಂದು ಕ್ಷಣ ಅದು ಕೆಂಪು ಲೋಹದ ಮೇಲೆ ಮಿನುಗಿದ ಹಾಗೆ ಕಂಡಿತು, ಮರುಕ್ಷಣ ಇರಲಿಲ್ಲ.

ಆ ದಿನ ಎರಕ ತಪ್ಪಿತು. ಅಚ್ಚು ತಣ್ಣಗಾದ ಮೇಲೆ ಮಣ್ಣನ್ನು ಒಡೆದು ನೋಡಿದಾಗ ಮೂರ್ತಿಯ ಎಡಗೈಗೆ ಲೋಹ ಹರಿದಿರಲೇ ಇಲ್ಲ. ಊರಿನವರು ಮಂಕಾದರು. ಬೇರೆಯಾಗಿ ಕೈಯೊಂದನ್ನು ಮಾಡಿ ಬೆಸೆಯಬಾರದೇ ಎಂದು ಯಾರೋ ಕೇಳಿದರು. ಶಿಲ್ಪಿ ತಲೆಯಾಡಿಸಿದನು. ಬೆಸೆದ ಕೈ ಪೂಜೆಗೆ ಬಾರದು ಎಂದನು. ಮೂರ್ತಿಯನ್ನು ಒಡೆದು ಮತ್ತೆ ಮೂಸೆಗೆ ಹಾಕಿ, ಮತ್ತೆ ಮೇಣದಿಂದ ಮೊದಲುಮಾಡಿ, ಒಂದೂವರೆ ತಿಂಗಳ ಮೇಲೆ ಹೊಸದೊಂದನ್ನು ಹೊಯ್ದುಕೊಟ್ಟನು. ಎರಡನೆಯ ಸಲದ ಕೂಲಿಯನ್ನು ಅವನು ಕೇಳಲಿಲ್ಲ. ಊರಿನವರು ಬಲವಂತವಾಗಿ ಒಂದಿಷ್ಟು ರಾಗಿ, ಬೆಲ್ಲ ಕೊಟ್ಟು ಬಂದರೆಂದು ನೆನಪು.

ಅವನು ಅನುಸರಿಸಿದ ಕ್ರಮ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಅದರ ವಿವರಣೆಯಿದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡಬೇಕು. ಅದರ ಬೆನ್ನಿಗೋ ಹೆಗಲಿಗೋ ಉಮ್ಮತ್ತದ ಹೂವಿನಂಥ ಬಾಯುಳ್ಳ ಮೇಣದ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಇವನ್ನು ಕಲಸಿ ಅರೆದ ನುಣುಪಾದ ಮಣ್ಣನ್ನು ಅದರ ಮೇಲೆ ತೆಳುವಾಗಿ ಬಳಿದು ನೆರಳಿನಲ್ಲಿ ಒಣಗಿಸಬೇಕು. ಅನಂತರ ಎರಡನೆಯ, ಮೂರನೆಯ ಲೇಪ. ಆಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಶೂನ್ಯದಲ್ಲಿ ಲೋಹ ತುಂಬುತ್ತದೆ. ಎಷ್ಟು ಲೋಹ ಬೇಕೆಂಬುದಕ್ಕೆ ಮೇಣವನ್ನು ಮೊದಲೇ ತೂಗಿಟ್ಟುಕೊಳ್ಳಬೇಕು. ಬೆಳ್ಳಿಯಾದರೆ ಮೇಣದ 12 ಪಟ್ಟು, ಚಿನ್ನವಾದರೆ 16 ಪಟ್ಟು ಎಂಬುದು ಆ ಗ್ರಂಥದ ಲೆಕ್ಕ. ಇದಕ್ಕೆ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಜೇನು ತೆಗೆದುಕೊಂಡ ಮೇಲೆ ಉಳಿದದ್ದು ಮಧೂಚ್ಛಿಷ್ಟ, ಎಂದರೆ ಮೇಣ. ಒಂದು ಅಚ್ಚಿಗೆ ಒಂದೇ ಮೂರ್ತಿ. ಅಚ್ಚನ್ನು ಒಡೆಯದೆ ಮೂರ್ತಿ ಹೊರಬರುವುದಿಲ್ಲ. ಆದ್ದರಿಂದ ಅದೇ ಅಚ್ಚಿನಲ್ಲಿ ಎರಡನೆಯದು ಹುಟ್ಟುವಂತಿಲ್ಲ.

ಲೋಹಕ್ಕೆ ತನ್ನದೇ ಆದ ಒಂದು ಗುಣವಿದೆ. ಅದು ಯಾವ ರೂಪಕ್ಕೂ ಕಟ್ಟುಬಿದ್ದದ್ದಲ್ಲ. ನಾಗಮಂಗಲದಲ್ಲಿ ದೇವರಾಗುವ ಕಂಚು ಹಿಂದೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ತೋಪುಗಳಾಗಿತ್ತು. ಬ್ರಿಟಿಷರು ಬಂದ ಮೇಲೆ ಅದೇ ಕಂಚು ನಮ್ಮ ನಗರಗಳಲ್ಲಿ ಅಧಿಕಾರಿಯ ರೂಪ ತಾಳಿತು. ದೇವರಲ್ಲದ ಒಬ್ಬ ಮನುಷ್ಯನನ್ನು ಲೋಹದಲ್ಲಿ ಎರೆದು, ಪೂಜೆಯಿಲ್ಲದೆ, ಉತ್ಸವವಿಲ್ಲದೆ, ಮಳೆ ಬಿಸಿಲುಗಳಲ್ಲಿ ಸುಮ್ಮನೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಆಗಲೇ. ಬೆಂಗಳೂರಿನ ಮಾರ್ಕ್ ಕಬ್ಬನ್ನನ ಅಶ್ವಾರೂಢ ಪ್ರತಿಮೆ 1866ರದು. ಅದನ್ನು ಮಾಡಿದವನು ಮಾರೊಕೆಟ್ಟಿ ಎಂಬ ಪ್ರಖ್ಯಾತ ಶಿಲ್ಪಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ 1913ರಲ್ಲಿ ಅನಾವರಣಗೊಂಡಿತು. ಅದೂ ಆಂಗ್ಲ ಶಿಲ್ಪಿಯಾದ ಕೋಲ್ಟನ್ನನ ಕೃತಿ. ಎರಡೂ ಒಳ್ಳೆಯ ಶಿಲ್ಪಗಳು. ಆದರೆ ಅವುಗಳ ಮೂಸೆಯಲ್ಲಿ ನಮ್ಮವರ ಮೂಗುಬೊಟ್ಟು ಬಿದ್ದಿರಲಿಲ್ಲ. ಅವು ಹಡಗಿನಲ್ಲಿ ಬಂದ ಪ್ರತಿಮೆಗಳು. ಉಚ್ಚ ನ್ಯಾಯಾಲಯದ ಮುಂದೆ ಬಹುಕಾಲ ನಿಂತಿದ್ದ ಕಬ್ಬನ್ನನ ಪ್ರತಿಮೆಯನ್ನು 2020ರಲ್ಲಿ ಅಲ್ಲಿಂದ ತೆಗೆದು ಕಬ್ಬನ್ ಉದ್ಯಾನದೊಳಗೆ ಇರಿಸಲಾಯಿತು. ಲೋಹ ಹೀಗೂ ಒಮ್ಮೊಮ್ಮೆ ಚಲಿಸುವುದುಂಟು.

ಸ್ವಾತಂತ್ರ್ಯ ಬಂದ ಮೇಲೆ ದೇಶದ ಪ್ರತಿಯೊಂದು ಚೌಕಕ್ಕೂ ಒಬ್ಬ ಹೊಸ ಮನುಷ್ಯ ಬೇಕಾಯಿತು. ಆ ಬೇಡಿಕೆಗೆ ದೊರೆತ ಕೈಗಳಲ್ಲಿ ಅತ್ಯಂತ ದೀರ್ಘಕಾಲ ದುಡಿದದ್ದು ರಾಮ್ ಸುತಾರ್ ಅವರದು. ಅವರು ಹುಟ್ಟಿದ್ದು 1925ರ ಫೆಬ್ರವರಿ 19ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂಡೂರು ಎಂಬ ಹಳ್ಳಿಯಲ್ಲಿ. ಮರಾಠಿಯಲ್ಲಿ ಸುತಾರ್ ಎಂದರೆ ಬಡಗಿ. ಮನೆತನದ ವೃತ್ತಿಯೂ ಅದೇ. ನಮ್ಮ ನಾಗಮಂಗಲದ ಎರಕದವರಂತೆ ಅವರೂ ವಿಶ್ವಕರ್ಮರ ಕುಲದವರು. ಶ್ರೀರಾಮ ಕೃಷ್ಣ ಜೋಶಿ ಎಂಬ ಗುರುಗಳು ಹುಡುಗನ ಕೈಚಳಕವನ್ನು ಗುರುತಿಸಿ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರುವಂತೆ ಪ್ರೋತ್ಸಾಹಿಸಿದರು. ಅಲ್ಲಿ ಅವರಿಗೆ ಮೇಯೊ ಸ್ವರ್ಣಪದಕ ದೊರೆಯಿತು. ಬಡಗಿಯ ಮಗನೊಬ್ಬ ಪದಕ ಪಡೆದದ್ದಕ್ಕಿಂತ ಅದರ ಮುಂದಿನದು ನನಗೆ ಮುಖ್ಯವಾಗಿ ಕಾಣುತ್ತದೆ.

1954ರಿಂದ 1958ರವರೆಗೆ ಅವರು ಪುರಾತತ್ವ ಇಲಾಖೆಯ ಕೆಲಸದಲ್ಲಿದ್ದು ಅಜಂತಾ ಮತ್ತು ಎಲ್ಲೋರಾಗಳ ಜೀರ್ಣಗೊಂಡ ಶಿಲ್ಪಗಳನ್ನು ಸರಿಪಡಿಸುತ್ತಿದ್ದರು. ಮುರಿದ ಬೆರಳಿಗೆ ಬೆರಳು ಕೂಡಿಸುವುದು, ಸವೆದ ಮುಖದಲ್ಲಿ ಮೂಲ ಶಿಲ್ಪಿಯ ಮನಸ್ಸನ್ನು ಹುಡುಕುವುದು, ಇದು ತನ್ನತನವನ್ನು ಮೆರೆಸುವ ಕೆಲಸವಲ್ಲ, ಮರೆಸುವ ಕೆಲಸ. ಎಲ್ಲೋರಾದ ಕೈಲಾಸ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ನಮ್ಮ ನಾಡನ್ನು ಆಳಿದವರ ಆಶ್ರಯದಲ್ಲಿ ಬಂಡೆಯನ್ನು ಕೊರೆದು ತೆಗೆದದ್ದು. ಹೆಸರು ಹೇಳದೆ ಹೋದ ಆ ಶಿಲ್ಪಿಗಳ ಜೊತೆಯಲ್ಲಿ ನಾಲ್ಕು ವರ್ಷ ಕಳೆದದ್ದರ ಫಲವನ್ನು ಸುತಾರರ ಮುಂದಿನ ಕೃತಿಗಳಲ್ಲಿ ಎರಡು ರೀತಿಯಿಂದ ಕಾಣಬಹುದು. ಒಂದು, ಗಾತ್ರದ ಬಗ್ಗೆ ನಿರ್ಭೀತಿ. ಇನ್ನೊಂದು, ತನ್ನ ಶೈಲಿಗಿಂತ ಎದುರಿಗಿರುವ ವ್ಯಕ್ತಿಯೇ ದೊಡ್ಡದೆಂಬ ವಿನಯ. ಆನಂತರ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಖಾತೆಯಲ್ಲಿ ಅಲ್ಪಕಾಲ ನೌಕರಿ ಮಾಡಿ, 1959ರಲ್ಲಿ ಅದನ್ನು ಬಿಟ್ಟು ಸ್ವತಂತ್ರ ಶಿಲ್ಪಿಯಾದರು.

ಅವರಿಗೆ ಹೆಸರು ತಂದ ಮೊದಲ ದೊಡ್ಡ ಕೃತಿ ಮಧ್ಯಪ್ರದೇಶದ ಗಾಂಧಿಸಾಗರ ಅಣೆಕಟ್ಟಿನ ಬಳಿಯ ಚಂಬಲ್ ದೇವಿ. ಅದು ಲೋಹದ್ದಲ್ಲ, 45 ಅಡಿಯ ಕಾಂಕ್ರೀಟಿನ ಗಟ್ಟಿಯಲ್ಲಿ ಕೊರೆದದ್ದು. ನದಿ ತಾಯಿಯಾಗಿ ನಿಂತಿದ್ದಾಳೆ. ಅವಳ ನೀರನ್ನು ಹಂಚಿಕೊಳ್ಳುವ ಮಧ್ಯಪ್ರದೇಶ ರಾಜಸ್ಥಾನಗಳು ಇಬ್ಬರು ಮಕ್ಕಳಾಗಿ ಅವಳ ಬಳಿ ಇವೆ. ಒಂದೇ ನದಿಯ ನೀರಿಗಾಗಿ ನೆರೆರಾಜ್ಯದೊಡನೆ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಾವೇರಿಯ ಬಯಲಿನ ನಮಗೆ ಈ ಕಲ್ಪನೆ ಎಷ್ಟು ಸರಳವೋ ಅಷ್ಟೇ ದುರ್ಲಭವೆಂದು ತೋರದಿರದು.

ಅದನ್ನು ಮೆಚ್ಚಿದ ನೆಹರೂ ಅವರು ಸುತಾರರಿಗೆ ಇನ್ನೊಂದು ಕೆಲಸ ಒಪ್ಪಿಸಿದರು. ಭಾಕ್ರಾ ಅಣೆಕಟ್ಟನ್ನು ಕಟ್ಟಿದ ಕಾರ್ಮಿಕರ ಗೌರವಾರ್ಥವಾಗಿ 50 ಅಡಿಯ ಕಂಚಿನ ಸ್ಮಾರಕವೊಂದನ್ನು ನಿಲ್ಲಿಸಬೇಕೆಂಬುದು ಅವರ ಅಪೇಕ್ಷೆ. ಸುತಾರರು ಮಾದರಿಯನ್ನು ಸಿದ್ಧಪಡಿಸಿದರು. ಆದರೆ ಹಣ ಸಾಲದೆ ಆ ಯೋಜನೆ ನಿಂತುಹೋಯಿತು. ಆ ಸ್ಮಾರಕ ಭಾಕ್ರಾದಲ್ಲಿ ಏಳಲಿಲ್ಲ. ಅವರ ಜೀವನವೃತ್ತಾಂತವನ್ನು ಓದುವಾಗ ನಾನು ಬಹಳ ಹೊತ್ತು ತಡೆದು ನಿಂತದ್ದು ಇಲ್ಲಿಯೇ. ನಮ್ಮ ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕ ನಡೆಯಿತು. ಕಲ್ಲು ಹೊತ್ತವರು, ಸುರ್ಕಿ ಅರೆದವರು, ಗಾರೆ ಕಲಸಿದವರು ಸಾವಿರಾರು ಮಂದಿ. ನಾಲ್ವಡಿಯವರ ಹೆಸರನ್ನೂ ವಿಶ್ವೇಶ್ವರಯ್ಯನವರ ಹೆಸರನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಕೂಲಿಯವನಿಗೆ ಕಂಚು ಸಾಲದೆ ಬರುವುದು ನಮ್ಮ ದೇಶದಲ್ಲಿ ಒಂದೆಡೆಯ ಕಥೆಯಲ್ಲ. ಶಿಲ್ಪಿಯ ಮನಸ್ಸಿನಲ್ಲಿ ಅವನಿಗೆ ಸ್ಥಳವಿತ್ತು, ಖಜಾನೆಯಲ್ಲಿ ಇರಲಿಲ್ಲ.

ಸುತಾರರ ಕೀರ್ತಿ ನಿಂತಿರುವುದು ಮುಖ್ಯವಾಗಿ ಗಾಂಧೀಜಿಯ ಮೇಲೆ. ಅವರು ಮಾಡಿದ ಗಾಂಧಿಯ ಎದೆಮಟ್ಟದ ಪ್ರತಿಮೆಯ ಪ್ರತಿಗಳನ್ನು ಭಾರತ ಸರ್ಕಾರ ಪ್ರಪಂಚದ ಅನೇಕ ದೇಶಗಳಿಗೆ ಕಾಣಿಕೆಯಾಗಿ ಕಳುಹಿಸಿತು. ದೆಹಲಿಯ ಸಂಸತ್ ಭವನದ ಆವರಣದಲ್ಲಿ 1993ರಲ್ಲಿ ಪ್ರತಿಷ್ಠಿತವಾದ ಧ್ಯಾನಸ್ಥ ಗಾಂಧಿ ಅವರದೇ. ನಮ್ಮ ವಿಧಾನಸೌಧ ವಿಕಾಸಸೌಧಗಳ ನಡುವೆ ಕುಳಿತಿರುವ ಗಾಂಧಿಯೂ ಅವರ ಕೃತಿಯೇ. ಕಣ್ಣು ಅರೆಮುಚ್ಚಿದೆ, ಬೆನ್ನು ನೆಟ್ಟಗಿದೆ, ಮೈಮೇಲಿನ ಬಟ್ಟೆ ಕನಿಷ್ಠ. ಲೋಹಶಿಲ್ಪಿಗೆ ಬಟ್ಟೆಯ ನೆರಿಗೆ ಒಂದು ಆಸರೆ. ಕೈಯ ಚಳಕವನ್ನು ತೋರಿಸಲು ಅಲ್ಲಿ ಅವಕಾಶವುಂಟು. ಗಾಂಧಿಯಲ್ಲಿ ಆ ಆಸರೆಯಿಲ್ಲ. ಎಲುಬು, ಚರ್ಮ, ಮೌನ ಇಷ್ಟನ್ನೇ ಹಿಡಿದು ಮಹಿಮೆಯನ್ನು ಕಾಣಿಸಬೇಕು. ಸುತಾರರು ಇಲ್ಲಿ ಗೆದ್ದಿದ್ದಾರೆಂದೇ ನನ್ನ ಅಭಿಪ್ರಾಯ.

ಸಂಸತ್ತಿನ ಆ ಗಾಂಧಿಯ ಮುಂದೆ ಮೂವತ್ತು ವರ್ಷ ಏನೇನು ನಡೆಯಿತೆಂಬುದನ್ನು ಪತ್ರಿಕೆ ಓದುವವರು ಬಲ್ಲರು. ಸದನದಲ್ಲಿ ಮಾತು ಸಿಗದ ಸದಸ್ಯರು ಹೊರಗೆ ಬಂದು ಅದರ ಬುಡದಲ್ಲಿ ಧರಣಿ ಕುಳಿತರು. ಯಾವ ಪಕ್ಷ ವಿರೋಧದಲ್ಲಿದ್ದರೂ ಅದು ಆ ಪ್ರತಿಮೆಯ ಬಳಿಗೆ ಬಂದಿತು. ಇದನ್ನು ಯಾವ ಶಿಲ್ಪಿಯೂ ಯೋಜಿಸಲಾರ. ಪ್ರತಿಮೆಯನ್ನು ಸರ್ಕಾರ ನಿಲ್ಲಿಸಬಹುದು. ಅದನ್ನು ಸಾರ್ವಜನಿಕವಾಗಿ ಮಾಡುವವರು ಅದರ ಬಳಿಗೆ ಬಂದು ಕುಳಿತುಕೊಳ್ಳುವವರು. 2024ರಲ್ಲಿ ಅದನ್ನು ಆವರಣದೊಳಗೇ ಪ್ರೇರಣಾ ಸ್ಥಳವೆಂಬ ಬೇರೊಂದು ಜಾಗಕ್ಕೆ ಒಯ್ದಾಗ ಅಷ್ಟು ವಾದ ಎದ್ದದ್ದೂ ಇದೇ ಕಾರಣದಿಂದ. ಕದಲಿಸಿದ್ದು ಕಂಚನ್ನು ಮಾತ್ರವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಈಗ ಗಾತ್ರದ ವಿಷಯಕ್ಕೆ ಬರೋಣ. ಸುತಾರರ ಬಾಳಿನ ಕೊನೆಯ ದಶಕವೆಂದರೆ ಮಹಾಗಾತ್ರದ ದಶಕ. ಗುಜರಾತಿನ ನರ್ಮದಾ ತೀರದಲ್ಲಿ 2018ರ ಅಕ್ಟೋಬರ್ 31ರಂದು ಅನಾವರಣಗೊಂಡ ಸರ್ದಾರ್ ಪಟೇಲರ ಪ್ರತಿಮೆಯ ಎತ್ತರ 182 ಮೀಟರು. ಪ್ರಪಂಚದಲ್ಲಿ ಅಷ್ಟು ಎತ್ತರದ ಪ್ರತಿಮೆ ಅದುವರೆಗೆ ಇರಲಿಲ್ಲ. ಇಂಥದನ್ನು ಎರಕ ಹೊಯ್ಯುವುದೆಂದರೆ ನಮ್ಮ ನಾಗಮಂಗಲದ ಅರ್ಥದಲ್ಲಿ ಅಲ್ಲವೆಂಬುದು ಸ್ಪಷ್ಟ. ಶಿಲ್ಪಿ ಮಾದರಿಯನ್ನು ರೂಪಿಸುತ್ತಾನೆ. ಗಣಕಯಂತ್ರಗಳು ಅದನ್ನು ಅಳೆದು ಹಿಗ್ಗಿಸುತ್ತವೆ. ಒಳಗೆ ಕಾಂಕ್ರೀಟಿನ ಗೋಪುರ, ಅದರ ಸುತ್ತ ಉಕ್ಕಿನ ಹಂದರ. ಹೊರಗೆ ಸಾವಿರಾರು ಕಂಚಿನ ಫಲಕಗಳ ಹೊದಿಕೆ. ಆ ಫಲಕಗಳು ಎರಕವಾದದ್ದು ಚೀನಾ ದೇಶದಲ್ಲಿ. ಅಷ್ಟು ದೊಡ್ಡ ಎರಕದ ಕಾರ್ಖಾನೆ ನಮ್ಮಲ್ಲಿರಲಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಇಲ್ಲಿ ಕಂಚು ಮೂರ್ತಿಯ ಮೈಯಲ್ಲ, ಚರ್ಮ.

ಕೆಂಪೇಗೌಡರ ಪ್ರತಿಮೆ ಇದಕ್ಕೆ ಹೋಲಿಸಿದರೆ ಚಿಕ್ಕದು. 108 ಅಡಿ ಎತ್ತರ. 98 ಟನ್ ಕಂಚು, 120 ಟನ್ ಉಕ್ಕು. ಕೈಯಲ್ಲಿರುವ ಖಡ್ಗವೊಂದೇ 4 ಟನ್. ಸುತ್ತಲೂ 23 ಎಕರೆಯ ಉದ್ಯಾನ. 2022ರ ನವೆಂಬರ್ 11ರಂದು ಪ್ರಧಾನಮಂತ್ರಿಗಳು ಅದನ್ನು ಅನಾವರಣ ಮಾಡಿದರು. 1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿ ಪೇಟೆ ಹಾಕಿದ ಪಾಳೆಯಗಾರನಿಗೆ ಅವನ ನಗರ ಇಷ್ಟಾದರೂ ಗೌರವ ತೋರಿಸಿತೆಂಬುದು ಸಂತೋಷದ ಸಂಗತಿಯೇ. ಪ್ರತಿಮೆಯ ನಿಲುವಿನಲ್ಲಿ ಗಾಂಭೀರ್ಯವಿದೆ, ಅಂಗಗಳ ಪ್ರಮಾಣದಲ್ಲಿ ಲೋಪವಿಲ್ಲ. ದೊಡ್ಡ ಪ್ರತಿಮೆಯನ್ನು ಕೆಳಗಿನಿಂದ ನೋಡುವಾಗ ತಲೆ ಕಿರಿದಾಗಿ ಕಾಣುತ್ತದೆ. ಅದನ್ನು ಮೊದಲೇ ಊಹಿಸಿ ಅಳತೆಯನ್ನು ತಿದ್ದಬೇಕು. ಅರವತ್ತು ವರ್ಷ ಅದೇ ಕೆಲಸ ಮಾಡಿದ ಕಣ್ಣಿಗೆ ಇದೆಲ್ಲ ಕರಗತ. ತಂದೆಯ ಜೊತೆಗೆ ದುಡಿದ ಮಗ ಅನಿಲ್ ಸುತಾರ್ ಅವರ ಪಾಲೂ ಈ ಬೃಹತ್ ಕೃತಿಗಳಲ್ಲಿ ಸಣ್ಣದಲ್ಲ.

ಆದರೂ ಅದರ ಮುಂದೆ ನಿಂತಾಗ ನನ್ನ ಮನಸ್ಸಿಗೆ ಒಂದು ಇರುಸುಮುರುಸು ಉಂಟಾಯಿತು. ಅಲ್ಲಿ ನಿಂತವನು ಪ್ರತಿಮೆಯ ಪಾದಕ್ಕಿಂತ ಸ್ವಲ್ಪ ಮೇಲಿನದನ್ನು ಕಾಣಬೇಕಾದರೆ ಹಿಂದೆ ಹಿಂದೆ ಸರಿಯಬೇಕು. ಮುಖ ಕಾಣುವಷ್ಟು ದೂರ ಹೋದಾಗ ಮುಖದ ಭಾವ ಕಾಣುವುದಿಲ್ಲ. ಹತ್ತಿರ ಬಂದರೆ ಮನುಷ್ಯನಿಲ್ಲ, ಲೋಹವಿದೆ. ದೂರ ಹೋದರೆ ಆಕಾರವಿದೆ, ಸಲಿಗೆಯಿಲ್ಲ. ಗಾಂಧಿಯ ಮುಂದೆ ಕುಳಿತಂತೆ ಇದರ ಮುಂದೆ ಕುಳಿತುಕೊಳ್ಳಲು ಬಾರದು. ನಿಲ್ದಾಣದಿಂದ ನಗರಕ್ಕೆ ಧಾವಿಸುವ ವಾಹನದ ಕಿಟಕಿಯಿಂದ ಒಂದು ಕ್ಷಣ ಕಾಣುವುದಕ್ಕೆ ಈ ಗಾತ್ರ ತಕ್ಕದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಬೀದಿಗೆ ಬಂದ ಲೋಹ ಇಲ್ಲಿ ಮತ್ತೆ ಗರ್ಭಗುಡಿಯ ಕಲ್ಲಿನಂತೆ ಅಚಲವಾಗಿದೆ. ಅದರ ಬಳಿಗೆ ನಾವು ಹೋಗಬೇಕು. ಅದು ನಮ್ಮ ಬಳಿಗೆ ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಆ ಪ್ರತಿಮೆಯ ಅನಾವರಣಕ್ಕೆ ಮುಂಚೆ ನಾಡಿನ 22,000ಕ್ಕೂ ಹೆಚ್ಚು ಸ್ಥಳಗಳಿಂದ ಮಣ್ಣನ್ನು ಸಂಗ್ರಹಿಸಿ ತಂದು ಅದರ ಬುಡದಲ್ಲಿ ಸೇರಿಸಿದರು. ಹಳ್ಳಿಹಳ್ಳಿಗೂ ರಥಗಳು ಹೋದವು. ಹೆಂಗಸರು ಕಳಶ ಹಿಡಿದು ಎದುರುಗೊಂಡು ಹಿಡಿಮಣ್ಣು ಕೊಟ್ಟರು. ಅದರಲ್ಲಿ ರಾಜಕೀಯವಿತ್ತೆಂದು ಟೀಕಿಸಿದವರುಂಟು, ಇದ್ದಿರಲೂಬಹುದು. ಆದರೆ ಮಣ್ಣು ಕೊಟ್ಟವಳಿಗೆ ಅದು ರಾಜಕೀಯವಾಗಿರಲಿಲ್ಲ. ಮೂಸೆಯ ಬಳಿಗೆ ಬರಲಾಗದಿದ್ದರೂ ಬುಡದಲ್ಲಾದರೂ ತನ್ನದು ಒಂದಿಷ್ಟು ಇರಲಿ ಎಂಬ ಹಂಬಲ ಅದು. ನಮ್ಮ ತಾಯಿ ಮೂಗುಬೊಟ್ಟು ಹಾಕಿದ್ದೂ ಇದೇ ಹಂಬಲದಿಂದ. ಜನ ಪ್ರತಿಮೆಯನ್ನು ನೋಡಲು ಮಾತ್ರ ಬಯಸುವುದಿಲ್ಲ. ಅದರೊಳಗೆ ಸೇರಲು ಬಯಸುತ್ತಾರೆ. ಮಹಾಗಾತ್ರದ ಶಿಲ್ಪವನ್ನು ಆಜ್ಞಾಪಿಸುವ ಸರ್ಕಾರಗಳು ಈ ಹಂಬಲವನ್ನು ಒಂದು ದಿನದ ಮೆರವಣಿಗೆಗೆ ಬಳಸಿಕೊಂಡು ಬಿಟ್ಟುಬಿಡುತ್ತವೆ ಎಂಬುದೇ ನನ್ನ ಆಕ್ಷೇಪ.

ವ್ಯಕ್ತಿಯ ಹೋಲಿಕೆಯೇ ಇಲ್ಲದ ಲೋಹಶಿಲ್ಪಕ್ಕೆ ನಮ್ಮ ಸಾರ್ವಜನಿಕ ಸ್ಥಳಗಳಲ್ಲಿ ಎಡೆಯಿಲ್ಲವೆ ಎಂದು ಕೇಳಬಹುದು. ಉಂಟು. 1937ರಲ್ಲಿ ಕಣ್ಣೂರಿನ ಸೀಮೆಯಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡ ಬಾಲನ್ ನಂಬಿಯಾರ್ ಅವರು ತುಕ್ಕುಹಿಡಿಯದ ಉಕ್ಕಿನಲ್ಲಿ ಶಂಖ, ಕನ್ನಡಿ ಮುಂತಾದ ಆಕಾರಗಳನ್ನು ಬೆಸೆದು ನಿಲ್ಲಿಸಿದರು. ತೆಯ್ಯಂ ಮತ್ತು ತುಳುನಾಡಿನ ಭೂತಾರಾಧನೆಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿದ ಫಲ ಅದು. ಆ ಉಕ್ಕಿನ ನಯವಾದ ಮೈಯಲ್ಲಿ ಎದುರಿಗೆ ನಿಂತವನ ಮುಖವೂ, ಮರವೂ, ಮೋಡವೂ ಮೂಡುತ್ತವೆ. ಸುತಾರರ ದಾರಿ ಬೇರೆ, ನಂಬಿಯಾರರ ದಾರಿ ಬೇರೆ. ಆದರೆ ನೋಡುವವನಿಗೆ ಶಿಲ್ಪದೊಳಗೆ ಒಂದು ಪಾಲು ಕೊಡಬೇಕೆಂಬ ಅದೇ ಪ್ರಶ್ನೆಗೆ ಇದೂ ಒಂದು ಉತ್ತರ. ನಮ್ಮ ಪಟ್ಟಣಗಳ ಪುರಸಭೆಗಳು ಇಂಥ ಕೃತಿಗಳತ್ತಲೂ ಒಮ್ಮೆ ಕಣ್ಣು ಹಾಯಿಸಿದರೆ ಕೆಟ್ಟದಾಗದು.

ರಾಮ್ ಸುತಾರರಿಗೆ 1999ರಲ್ಲಿ ಪದ್ಮಶ್ರೀ, 2016ರಲ್ಲಿ ಪದ್ಮಭೂಷಣ ದೊರೆತವು. ನೂರು ವರ್ಷ ತುಂಬಿದ ಮೇಲೆ, 2025ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಬಡಗಿಯ ಮನೆಯಲ್ಲಿ ಹುಟ್ಟಿ ಒಂದು ದೇಶದ ಮುಖಗಳನ್ನೆಲ್ಲ ಕಂಚಿನಲ್ಲಿ ಎರೆದ ಬಾಳು ಅದು. ಅವರನ್ನು ಮುಂದಿನ ಕಾಲ 182 ಮೀಟರಿನಿಂದ ಅಳೆದೀತೋ, ಕಣ್ಣು ಅರೆಮುಚ್ಚಿ ಕುಳಿತ ಗಾಂಧಿಯಿಂದ ಅಳೆದೀತೋ ನಾನು ಹೇಳಲಾರೆ. ಎರಡನೆಯದರಿಂದಲೇ ಅಳೆಯಲಿ ಎಂಬುದು ನನ್ನ ಆಸೆ. ಭಾಕ್ರಾದಲ್ಲಿ ನಿಲ್ಲದೆಹೋದ ಆ ಕಾರ್ಮಿಕರ ಕಂಚನ್ನೂ ಅಳೆಯುವವರು ಮರೆಯದಿರಲಿ.

ನಮ್ಮೂರ ಉತ್ಸವಮೂರ್ತಿಯ ಎತ್ತರ ಒಂದೂವರೆ ಅಡಿಗೆ ಮೀರದು. ಅದನ್ನು ಮಾಡಿದವನ ಹೆಸರು ಅದರ ಪೀಠದ ಮೇಲಿಲ್ಲ. ಊರಿನಲ್ಲಿ ಈಗ ಅದನ್ನು ಬಲ್ಲವರೂ ಇಲ್ಲ. ಹೊಸ ಮೂರ್ತಿ ಮೊದಲನೆಯ ಸಲ ನಮ್ಮ ಮನೆಯ ಮುಂದೆ ಬಂದು ನಿಂತಾಗ ನಾನು ತಾಯಿಯನ್ನು ಕೇಳಿದೆ: ನಿನ್ನ ಮೂಗುಬೊಟ್ಟು ಇದರಲ್ಲಿ ಎಲ್ಲಿದೆ? ಅವಳು ಆರತಿಯ ತಟ್ಟೆ ಹಿಡಿದು ಬಹಳ ಹೊತ್ತು ದೇವರನ್ನು ನೋಡಿದಳು. ಆ ಎಡಗೈಯಲ್ಲಿ ಇರಬೇಕು, ಎಂದಳು. ಮೊದಲ ಸಲ ಬಾರದೆಹೋದ ಕೈ ಅದು.

(ಬಾನುಲಿ ಭಾಷಣ)